ಸಾವಯವ ಮೂಲಿಕೆ ತೋಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಕುಟುಂಬದವರೇ ಸೇರಿ ನಡೆಸುವ ಸಾವಯವ ಮೂಲಿಕೆ ತೋಟಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಕೂಡಿಸಿದ್ದೇವೆ, ದೀರ್ಘವಾದವನ್ನು ಸಂಕ್ಷೇಪಿಸಿದ್ದೇವೆ.

ಪ್ರಶ್ನೆ: ತಂದೆ, ತಾಯಿ, ಅಣ್ಣ, ಅತ್ತಿಗೆ ಮತ್ತು ನಾನು ಸೇರಿ ಎರಡು ಎಕರೆಯಲ್ಲಿ ಮೂಲಿಕೆ ಬೆಳೆದು, ಒಣಗಿಸಿ ಮಾರಬೇಕೆಂದಿದ್ದೇವೆ. ಪುದೀನ, ಕಾಮಕಸ್ತೂರಿ, ಥೈಮ್, ರೋಸ್‌ಮೇರಿ, ನಿಂಬೆಹುಲ್ಲು, ಕ್ಯಾಮೊಮೈಲ್ ಸೇರಿದಂತೆ ಹನ್ನೆರಡು ಬಗೆಗಳ ಪಟ್ಟಿ ಸಿದ್ಧವಾಗಿದೆ. ಎಲ್ಲವನ್ನೂ ಒಟ್ಟಿಗೆ ಆರಂಭಿಸಬಹುದೇ?

ಉತ್ತರ: ಬೇಡ. ಪಟ್ಟಿಯನ್ನು ನಾಲ್ಕಕ್ಕೆ ಇಳಿಸಿ, ಮತ್ತು ಲೆಕ್ಕವನ್ನು ಜಮೀನಿನಿಂದ ಅಲ್ಲ, ಒಣಗಿಸುವ ಕೋಣೆಯಿಂದ ಆರಂಭಿಸಿ. ಮೂಲಿಕೆ ತೋಟಕ್ಕೆ ಹೊಸದಾಗಿ ಇಳಿಯುವವರು ಎಷ್ಟು ಬೆಳೆಯಬಹುದು ಎಂದು ಯೋಚಿಸುತ್ತಾರೆಯೇ ಹೊರತು ಎಷ್ಟನ್ನು ಕೆಡದಂತೆ ಒಣಗಿಸಬಹುದು ಎಂದು ಯೋಚಿಸುವುದು ಅಪರೂಪ. ಹಸಿ ಸೊಪ್ಪಿನಲ್ಲಿ ನೂರಕ್ಕೆ ಸುಮಾರು 80 ಪಾಲು ನೀರೇ ಇರುತ್ತದೆ. ಅದನ್ನು 10 ಪಾಲಿಗೆ ಇಳಿಸಬೇಕಾದರೆ, 100 ಕಿಲೋ ಹಸಿ ಸೊಪ್ಪಿನಿಂದ ಸುಮಾರು 78 ಲೀಟರ್ ನೀರು ಗಾಳಿಯ ಮೂಲಕವೇ ಕೋಣೆಯಿಂದ ಹೊರಹೋಗಬೇಕು. ಕೊನೆಗೆ ಕೈಗೆ ಸಿಗುವುದು 22 ಕಿಲೋ, ಕಡ್ಡಿ ಬೇರ್ಪಡಿಸಿದ ಮೇಲೆ ಅದಕ್ಕಿಂತಲೂ ಕಡಿಮೆ. ಒಂದು ಚದರ ಮೀಟರ್ ಜಾಲರಿ ತಟ್ಟೆಯ ಮೇಲೆ 2 ಕಿಲೋ ಹಸಿ ಸೊಪ್ಪನ್ನು ಸಡಿಲವಾಗಿ ಹರಡುತ್ತೀರೆಂದು ಇಟ್ಟುಕೊಂಡರೆ, ಈ 100 ಕಿಲೋಗೆ 50 ಚದರ ಮೀಟರ್ ತಟ್ಟೆಗಳು ಬೇಕು, ಮತ್ತು ಗಾಳಿಯ ತೇವವನ್ನು ಅವಲಂಬಿಸಿ ಅವು ಎರಡರಿಂದ ನಾಲ್ಕು ದಿನ ಬೇರೆ ಯಾವುದಕ್ಕೂ ಸಿಗುವುದಿಲ್ಲ. ಚೆನ್ನಾಗಿ ಬೆಳೆದ ಎರಡು ಎಕರೆ ಪುದೀನ ಒಂದೇ ವಾರದಲ್ಲಿ ಕೊಯ್ಲಿಗೆ ಬಂದರೆ ಹಲವು ಟನ್ ಸೊಪ್ಪು ಅಂಗಳಕ್ಕೆ ಬಂದು ಬೀಳುತ್ತದೆ. ರಾಶಿ ಹಾಕಿದ ಹಸಿ ಸೊಪ್ಪು ಕೆಲವೇ ಗಂಟೆಗಳಲ್ಲಿ ಒಳಗೊಳಗೇ ಬಿಸಿಯಾಗಿ ಕಪ್ಪಾಗುವುದರಿಂದ, ತಟ್ಟೆ ಖಾಲಿಯಾಗುವವರೆಗೆ ಅದನ್ನು ಹಾಗೆಯೇ ಇಡಲೂ ಆಗದು.

ಕೊಯ್ಲನ್ನು ಮುಂದೂಡೋಣವೆಂದರೆ ಅದಕ್ಕೂ ಮಿತಿಯಿದೆ. ಸೊಪ್ಪಿಗಾಗಿ ಬೆಳೆಯುವ ಹೆಚ್ಚಿನ ಸುಗಂಧ ಮೂಲಿಕೆಗಳಲ್ಲಿ ಮೊಗ್ಗು ಮೂಡಿ ಹೂ ಅರಳತೊಡಗುವ ವೇಳೆಗೆ ತೈಲದ ಅಂಶ ಉತ್ತುಂಗದಲ್ಲಿರುತ್ತದೆ. ಅದರಲ್ಲೂ ಬೆಳಗಿನ ಇಬ್ಬನಿ ಆರಿದ ನಂತರ, ಬಿಸಿಲೇರುವ ಮೊದಲು ಕೊಯ್ಯುವುದು ಒಳ್ಳೆಯದು. ಹೀಗಾಗಿ ನಿಮ್ಮ ನಾಲ್ಕು ಬೆಳೆಗಳು ಬೇರೆ ಬೇರೆ ವಾರಗಳಲ್ಲಿ ಹದಕ್ಕೆ ಬರುವಂತಿರಬೇಕು, ಇಲ್ಲವೇ ಒಂದೇ ಬೆಳೆಯನ್ನು ಮಡಿಮಡಿಯಾಗಿ ಹದಿನೈದು ದಿನಗಳ ಅಂತರದಲ್ಲಿ ನೆಡಬೇಕು. ರೋಸ್‌ಮೇರಿ ಮತ್ತು ಥೈಮ್ ಸ್ವಲ್ಪ ಕಾಯಬಲ್ಲ ಬಹುವಾರ್ಷಿಕ ಗಿಡಗಳು. ನೀರು ಚೆನ್ನಾಗಿ ಬಸಿದುಹೋಗುವ ನೆಲವೊಂದನ್ನು ಬಿಟ್ಟರೆ ಅವುಗಳ ಬೇಡಿಕೆ ಹೆಚ್ಚಿಲ್ಲ. ಕಾಮಕಸ್ತೂರಿ ಕಾಯುವ ಜಾತಿಯಲ್ಲ. ಕ್ಯಾಮೊಮೈಲ್‌ನಲ್ಲಿ ಕೊಯ್ಯಬೇಕಾದದ್ದು ಹೂವನ್ನು, ಅದೂ ಕೆಲವು ದಿನಗಳಿಗೊಮ್ಮೆ ಮತ್ತೆ ಮತ್ತೆ. ಐದು ಜನರ ಮನೆಯಲ್ಲಿ ಅದು ಇತರ ಎಲ್ಲ ಕೆಲಸವನ್ನೂ ನುಂಗಿಬಿಡುತ್ತದೆ. ಆದ್ದರಿಂದ ಮೊದಲ ವರ್ಷದ ಪಟ್ಟಿಯಿಂದ ನಾನಂತೂ ಅದನ್ನು ತೆಗೆದುಹಾಕುತ್ತಿದ್ದೆ.

ಸಸಿಗಳ ಮೂಲವನ್ನೂ ಈಗಲೇ ನಿರ್ಧರಿಸಿ. ಪೆಪ್ಪರ್‌ಮಿಂಟ್ ಎನ್ನುವ ಪುದೀನ ಎರಡು ಜಾತಿಗಳ ಮಿಶ್ರತಳಿಯಾಗಿದ್ದು ಬಂಜೆಯಾದುದರಿಂದ ಬೀಜದಿಂದ ಬರುವುದಿಲ್ಲ. ಆ ಹೆಸರಿನಲ್ಲಿ ಬೀಜ ಮಾರುವವರಿಂದ ದೂರವಿದ್ದು, ರೋಗವಿಲ್ಲದ ತೋಟದಿಂದ ಬೇರುಕಾಂಡಗಳನ್ನು ತನ್ನಿ. ಪುದೀನದ ಮಡಿಗಳನ್ನು ಉಳಿದವುಗಳಿಂದ ಆಳವಾದ ಕಾಲುವೆಯಿಂದಲಾದರೂ ಬೇರ್ಪಡಿಸಿ, ಏಕೆಂದರೆ ಅದರ ಬೇರುಕಾಂಡ ಪಕ್ಕದ ಥೈಮ್ ಸಾಲನ್ನು ಎರಡೇ ವರ್ಷಗಳಲ್ಲಿ ಆಕ್ರಮಿಸುತ್ತದೆ. ರೋಸ್‌ಮೇರಿಗೆ ಬೀಜಕ್ಕಿಂತ ಕಾಂಡದ ತುಂಡುಗಳೇ ಲೇಸು.

ಪ್ರಶ್ನೆ: ಬಿಸಿಲಿನಲ್ಲಿ ಎರಡು ದಿನ ಗರಿಗರಿಯಾಗುವಂತೆ ಒಣಗಿಸಿದ ಪುದೀನ ಮತ್ತು ಕಾಮಕಸ್ತೂರಿಯನ್ನು ಖರೀದಿದಾರರು ಬಣ್ಣವಿಲ್ಲ, ಪರಿಮಳವಿಲ್ಲ ಎಂದು ಹಿಂದಿರುಗಿಸಿದರು. ಅದರಲ್ಲೇ ಉಳಿಸಿಕೊಂಡ ಒಂದು ಚೀಲದಲ್ಲಿ ತಿಂಗಳ ನಂತರ ಬೂಷ್ಟು ಕಾಣಿಸಿಕೊಂಡಿತು. ಇಷ್ಟು ಒಣಗಿದ ಮಾಲಿಗೆ ಬೂಷ್ಟು ಹೇಗೆ ಬಂತು?

ಉತ್ತರ: ಎಲೆ ಒಣಗಿತ್ತು, ಕಡ್ಡಿ ಒಣಗಿರಲಿಲ್ಲ. ಬಿರುಬಿಸಿಲಿನಲ್ಲಿ ಎಲೆಯ ಮೇಲ್ಪದರ ಬೇಗನೆ ಗರಿಯಾಗಿ ಪೂರ್ತಿ ಒಣಗಿದಂತೆ ತೋರುತ್ತದೆ. ಚೀಲ ಕಟ್ಟಿದ ಮೇಲೆ ಕಡ್ಡಿಯೊಳಗೆ ಉಳಿದಿದ್ದ ತೇವ ನಿಧಾನವಾಗಿ ಎಲೆಗಳಿಗೆ ಹರಡಿ ಬೂಷ್ಟಿಗೆ ದಾರಿ ಮಾಡಿಕೊಡುತ್ತದೆ. ಎಲೆ ಬೆರಳಲ್ಲಿ ಪುಡಿಯಾಗುವುದನ್ನಷ್ಟೇ ನೋಡದೆ ಕಡ್ಡಿಯನ್ನು ಬಾಗಿಸಿ ನೋಡಿ: ಬಾಗಿದರೆ ಇನ್ನೂ ಹಸಿಯಿದೆ, ಟಕ್ಕೆಂದು ಮುರಿದರೆ ಆಗಿದೆ. ಅನುಮಾನವಿದ್ದರೆ ಒಂದು ಹಿಡಿಯನ್ನು ಗಾಜಿನ ಭರಣಿಯಲ್ಲಿ ಬಿಗಿಯಾಗಿ ಮುಚ್ಚಿ ಎರಡು ದಿನ ಬಿಡಿ. ಒಳಗೋಡೆಯಲ್ಲಿ ಮಂಜು ಕಂಡರೆ ಇಡೀ ಮಾಲು ತಟ್ಟೆಗೆ ಹಿಂದಿರುಗಬೇಕು.

ಪರಿಮಳ ಹೋದದ್ದಕ್ಕೆ ಕಾರಣ ಬಿಸಿಲೇ. ಪುದೀನದ ಮೆಂಥಾಲ್ ಆಗಲಿ ಕಾಮಕಸ್ತೂರಿಯ ಲಿನಲೂಲ್ ಆಗಲಿ ಆವಿಯಾಗುವ ಗುಣದವು; ಎಲೆಯ ಮೇಲಿನ ಸೂಕ್ಷ್ಮ ಗ್ರಂಥಿಗಳಲ್ಲಿ ತುಂಬಿಕೊಂಡಿರುವ ಅವು ಶಾಖ ಹೆಚ್ಚಿದಂತೆ ಹಾರಿಹೋಗುತ್ತವೆ. ನೇರ ಬೆಳಕಿಗೆ ಹಸಿರು ಬಣ್ಣವೂ ಮಾಸುತ್ತದೆ. ಸೊಪ್ಪು ಮತ್ತು ಹೂಗಳಿಗೆ ನೆರಳು, ಚಲಿಸುವ ಗಾಳಿ, 35ರಿಂದ 40 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಸಾಕು. ಮರದ ಚೌಕಟ್ಟು, ಜಾಲರಿಯ ತಟ್ಟೆಗಳು, ಒಂದು ಬದಿಯಲ್ಲಿ ಗಾಳಿ ಎಳೆಯುವ ಫ್ಯಾನ್, ಎದುರು ಬದಿಯಲ್ಲಿ ಧೂಳು ಮತ್ತು ಕೀಟ ತಡೆಯುವ ಪರದೆ, ಇಷ್ಟಿದ್ದರೆ ಒಂದು ಸಾಧಾರಣ ಕೋಣೆಯೇ ಕೆಲಸ ಮಾಡುತ್ತದೆ. ಅನೇಕರು ಬಿಸಿ ಕೊಡುವ ಯಂತ್ರಕ್ಕೆ ಖರ್ಚು ಮಾಡಿ ತೇವವನ್ನು ಹೊರಹಾಕುವ ದಾರಿಯನ್ನು ಮರೆಯುತ್ತಾರೆ. ಹಾಗೆ ಮಾಡಿದರೆ ಕೋಣೆ ಬೆಚ್ಚಗಾಗುತ್ತದೆಯೇ ಹೊರತು ಸೊಪ್ಪು ಒಣಗುವುದಿಲ್ಲ, ಬೇಯುತ್ತದೆ. ತೇವವನ್ನು ಅಳೆಯುವ ಸಣ್ಣ ಮಾಪಕವನ್ನು ಕೋಣೆಯ ಒಳಗೊಂದು, ಹೊರಗೊಂದು ತೂಗುಹಾಕಿ, ಒಳಗಿನ ಗಾಳಿ ಹೊರಗಿನದಕ್ಕಿಂತ ಒದ್ದೆಯಾದಾಗಲೆಲ್ಲ ಫ್ಯಾನ್ ಓಡಿಸಿ.

ಒಣಗುವಿಕೆಯಿಂದ ಬೂಷ್ಟಿನ ಬೆಳವಣಿಗೆ ನಿಲ್ಲುತ್ತದೆಯಾದರೂ ಸಾಲ್ಮೊನೆಲ್ಲಾದಂತಹ ರೋಗಾಣುಗಳು ಒಣ ಸೊಪ್ಪಿನಲ್ಲಿಯೂ ತಿಂಗಳುಗಟ್ಟಲೆ ಬದುಕಬಲ್ಲವು. ಆದ್ದರಿಂದ ತಟ್ಟೆ ತುಂಬುವವರ ಕೈ, ತೊಳೆಯುವ ನೀರು, ಕೋಣೆಯೊಳಗೆ ನುಸುಳುವ ಹಕ್ಕಿ ಮತ್ತು ಇಲಿ, ಎಲ್ಲದರ ಕಡೆಗೂ ಗಮನವಿರಲಿ. ದಾಸ್ತಾನಿನಲ್ಲಿ ಸಣ್ಣ ಕಂದು ಜೀರುಂಡೆಗಳು ಕಂಡರೆ ಮಾಲನ್ನು ಗಾಳಿಯಾಡದಂತೆ ಕಟ್ಟಿ, ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಶೀತದಲ್ಲಿ ಒಂದೆರಡು ವಾರ ಇಡಿ. ಹೊರತೆಗೆದ ಕೂಡಲೇ ಕಟ್ಟು ಬಿಚ್ಚದೆ ಕೋಣೆಯ ಉಷ್ಣತೆಗೆ ಬರಲು ಬಿಡಿ. ಇಲ್ಲದಿದ್ದರೆ ಹೊರಗಿನ ತೇವ ಸೊಪ್ಪಿನ ಮೇಲೆಯೇ ನೀರಾಗಿ ಇಳಿಯುತ್ತದೆ.

ಪ್ರಶ್ನೆ: ರಾಸಾಯನಿಕ ಬಳಸುವುದನ್ನು ಇಂದೇ ನಿಲ್ಲಿಸಿದರೆ ಎಷ್ಟು ಕಾಲದ ನಂತರ ನಮ್ಮ ಬೆಳೆಯನ್ನು ಸಾವಯವ ಎಂದು ಮಾರಬಹುದು? ಪಕ್ಕದ ಜಮೀನಿನವರು ಸಿಂಪಡಣೆ ಮಾಡುತ್ತಾರೆ, ಅದರಿಂದ ತೊಂದರೆಯಾಗುವುದೇ?

ಉತ್ತರ: ಆಹಾರದ ಅಂತರರಾಷ್ಟ್ರೀಯ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಆಯೋಗ 1999ರಲ್ಲಿ ಅಂಗೀಕರಿಸಿದ ಸಾವಯವ ಆಹಾರದ ಮಾರ್ಗಸೂಚಿಯ ಪ್ರಕಾರ ಪರಿವರ್ತನೆಯ ಅವಧಿ ವಾರ್ಷಿಕ ಬೆಳೆಗಳಿಗೆ ಬಿತ್ತನೆಗೆ ಮೊದಲು ಕನಿಷ್ಠ ಎರಡು ವರ್ಷ, ಹುಲ್ಲುಗಾವಲಲ್ಲದ ಬಹುವಾರ್ಷಿಕ ಬೆಳೆಗಳಿಗೆ ಮೊದಲ ಕೊಯ್ಲಿಗೆ ಮೊದಲು ಕನಿಷ್ಠ ಮೂರು ವರ್ಷ. ಹಲವು ದೇಶಗಳ ನಿಯಮಗಳು ಇದರ ಆಸುಪಾಸಿನಲ್ಲೇ ಇವೆ. ಮೂಲಿಕೆ ತೋಟದಲ್ಲಿ ಎರಡೂ ಬಗೆಯ ಗಿಡಗಳಿರುವುದರಿಂದ ಯಾವ ಮಡಿಗೆ ಯಾವ ಅವಧಿ ಅನ್ವಯಿಸುತ್ತದೆ ಎಂಬುದನ್ನು ನಕ್ಷೆಯ ಮೇಲೆ ಮೊದಲೇ ಗುರುತಿಸಿ ಪ್ರಮಾಣೀಕರಣ ಸಂಸ್ಥೆಯ ಒಪ್ಪಿಗೆ ಪಡೆಯಿರಿ. ಆ ಮಾರ್ಗಸೂಚಿಯಂತೆ ಗಡಿಯಾರ ಓಡತೊಡಗುವುದು ನೀವು ಮನಸ್ಸಿನಲ್ಲಿ ನಿಶ್ಚಯಿಸಿದ ದಿನದಿಂದ ಅಲ್ಲ, ತೋಟ ಪರಿಶೀಲನಾ ವ್ಯವಸ್ಥೆಗೆ ಒಳಪಟ್ಟು ಸಾವಯವ ನಿಯಮಗಳ ಪಾಲನೆ ಆರಂಭವಾದ ಮೇಲೆ. ಈ ಅವಧಿಯಲ್ಲಿ ಖರ್ಚು ಸಾವಯವದ್ದು, ಬೆಲೆ ಸಾಮಾನ್ಯದ್ದು. ಅದನ್ನು ತಾಳಿಕೊಳ್ಳುವ ಹಣ ಮನೆಯಲ್ಲಿ ಇಲ್ಲದಿದ್ದರೆ ಜಮೀನನ್ನು ಭಾಗಭಾಗವಾಗಿ ಪರಿವರ್ತಿಸುವುದು ಮೇಲು. ಆದರೆ ಒಂದೇ ಮೂಲಿಕೆಯನ್ನು ಎರಡೂ ಭಾಗಗಳಲ್ಲಿ ಬೆಳೆಯಬೇಡಿ; ಒಣಗಿದ ಮೇಲೆ ಎರಡನ್ನೂ ಕಣ್ಣಿನಿಂದ ಪ್ರತ್ಯೇಕಿಸಲಾಗದ ಕಾರಣ ಪರಿಶೀಲಕರು ಅದಕ್ಕೆ ಒಪ್ಪುವುದು ಕಷ್ಟ.

ಪಕ್ಕದವರ ಸಿಂಪಡಣೆಯಿಂದ ಖಂಡಿತ ತೊಂದರೆಯಿದೆ, ಮತ್ತು ಮೂಲಿಕೆಗಳಲ್ಲಿ ಅದು ತುಸು ಹೆಚ್ಚೇ. ಹಣ್ಣು ತರಕಾರಿಗಳಂತೆ ಸಿಪ್ಪೆ ತೆಗೆಯುವ ಅವಕಾಶ ಇಲ್ಲಿಲ್ಲ. ಎಲೆಯ ಮೇಲೆ ಬಿದ್ದದ್ದು ಒಣಗುವಾಗ ನೀರಿನೊಂದಿಗೆ ಹೋಗದೆ ಉಳಿದುಬಿಟ್ಟರೆ, ಐದು ಕಿಲೋ ಹಸಿ ಸೊಪ್ಪಿನಲ್ಲಿದ್ದ ಶೇಷ ಒಂದು ಕಿಲೋ ಒಣ ಸೊಪ್ಪಿನಲ್ಲಿ ಸೇರಿಕೊಳ್ಳುತ್ತದೆ. ಗಡಿಯಲ್ಲಿ ಎತ್ತರದ ದಟ್ಟ ಬೇಲಿಗಿಡಗಳನ್ನು ಬೆಳೆಸಿ, ಅದರ ಒಳಗೆ ಒಂದು ಪಟ್ಟಿಯನ್ನು ಸಾವಯವವೆಂದು ಮಾರದ ಬೆಳೆಗೆ ಬಿಡಿ. ಪಕ್ಕದವರೊಡನೆ ಮಾತನಾಡಿ ಸಿಂಪಡಿಸುವ ಹಿಂದಿನ ದಿನ ತಿಳಿಸುವಂತೆ ಕೇಳಿಕೊಳ್ಳಿ. ಜಗಳ ತೆಗೆದು ಕೆಡಿಸಿಕೊಂಡ ನೆರೆಹೊರೆಗಿಂತ ಮೊದಲೇ ಬರುವ ಒಂದು ದೂರವಾಣಿ ಕರೆ ಹೆಚ್ಚು ಉಪಯುಕ್ತ.

ಪ್ರಶ್ನೆ: ಹೊರಗಿನಿಂದ ತಂದ ಕೊಟ್ಟಿಗೆ ಗೊಬ್ಬರ ಹಾಕಿದ ಮಡಿಯಲ್ಲಿ ಕ್ಯಾಮೊಮೈಲ್ ಮತ್ತು ನಡುಸಾಲಿನ ಅಲಸಂದೆಯ ಚಿಗುರುಗಳು ಬಟ್ಟಲಿನಂತೆ ಮುದುಡುತ್ತಿವೆ. ಪಕ್ಕದಲ್ಲೇ ಇರುವ ನಿಂಬೆಹುಲ್ಲು ಚೆನ್ನಾಗಿದೆ. ಇದು ವೈರಸ್‌ನಿಂದ ಬರುವ ನಂಜುರೋಗವೇ?

ಉತ್ತರ: ನಿಂಬೆಹುಲ್ಲು ಚೆನ್ನಾಗಿದೆ ಎಂದು ಬರೆದು ನೀವೇ ಅರ್ಧ ಉತ್ತರ ಕೊಟ್ಟಿದ್ದೀರಿ. ಹುಲ್ಲಿನ ಜಾತಿಗೆ ಏನೂ ಆಗದೆ ಅಗಲ ಎಲೆಯ ಗಿಡಗಳು, ಅದರಲ್ಲೂ ದ್ವಿದಳ ಧಾನ್ಯಗಳು ಮತ್ತು ಸೇವಂತಿಗೆ ಬಳಗದವು ಮುದುಡುತ್ತಿದ್ದರೆ ಮೊದಲು ಸಂಶಯಿಸಬೇಕಾದದ್ದು ಗೊಬ್ಬರದಲ್ಲಿ ಉಳಿದ ಕಳೆನಾಶಕವನ್ನು. ಅಮಿನೋಪೈರಾಲಿಡ್, ಕ್ಲೋಪೈರಾಲಿಡ್ ಮುಂತಾದವನ್ನು ಹುಲ್ಲುಗಾವಲುಗಳಲ್ಲಿ ಅಗಲ ಎಲೆಯ ಕಳೆಗಳನ್ನು ಕೊಲ್ಲಲು ಸಿಂಪಡಿಸುತ್ತಾರೆ. ಆ ಹುಲ್ಲನ್ನು ತಿಂದ ದನ ಅಥವಾ ಕುದುರೆಯ ಹೊಟ್ಟೆಯಲ್ಲಿ ಅವು ಕರಗದೆ ಸಗಣಿ ಮತ್ತು ಗಂಜಲದ ಮೂಲಕ ಹೊರಬರುತ್ತವೆ. ಗೊಬ್ಬರ ಗುಂಡಿಯಲ್ಲಿಯೂ ಬಹಳ ನಿಧಾನವಾಗಿ ಒಡೆಯುತ್ತವೆ. ತೀರಾ ಅಲ್ಪ ಪ್ರಮಾಣವೂ ಸೂಕ್ಷ್ಮ ಬೆಳೆಗಳನ್ನು ವಿಕಾರಗೊಳಿಸಬಲ್ಲದು.

ಖಚಿತಪಡಿಸಿಕೊಳ್ಳಲು ಉಳಿದ ಗೊಬ್ಬರವನ್ನು ಸ್ವಚ್ಛವಾದ ಮಣ್ಣಿನೊಡನೆ ಸಮಪ್ರಮಾಣದಲ್ಲಿ ಬೆರೆಸಿ ಕೆಲವು ಕುಂಡಗಳಲ್ಲಿ ತುಂಬಿ, ಬರಿಯ ಮಣ್ಣಿನ ಕೆಲವು ಕುಂಡಗಳನ್ನು ಹೋಲಿಕೆಗಾಗಿ ದೂರದಲ್ಲಿಟ್ಟು, ಎಲ್ಲದರಲ್ಲೂ ಹುರುಳಿಕಾಯಿ ಅಥವಾ ಬಟಾಣಿ ಬಿತ್ತಿ. ಮೂರು ನಾಲ್ಕು ವಾರಗಳಲ್ಲಿ ಮೊದಲ ಗುಂಪಿನಲ್ಲಷ್ಟೇ ಎಲೆ ಮುದುಡಿದರೆ ಅನುಮಾನ ನಿಜ. ಮುಂದೆ ಹೊರಗಿನ ಗೊಬ್ಬರ ತಂದಾಗಲೆಲ್ಲ ಹೊಲಕ್ಕೆ ಹಾಕುವ ಮೊದಲೇ ಈ ಪರೀಕ್ಷೆ ಮಾಡಿ. ಈಗ ಆ ಮಡಿಯ ಗಿಡಗಳನ್ನು ಕೊಯ್ದು ಕಾಂಪೋಸ್ಟ್‌ಗೆ ಸೇರಿಸಬೇಡಿ, ಮಾರಲೂ ಬೇಡಿ. ಮಣ್ಣಿನ ಜೀವಾಣುಗಳೇ ಈ ರಾಸಾಯನಿಕವನ್ನು ಒಡೆಯಬೇಕಾಗಿರುವುದರಿಂದ ಮಣ್ಣನ್ನು ಆಗಾಗ ಕೆದಕಿ, ತೇವವಾಗಿಟ್ಟು, ಪರೀಕ್ಷೆಯ ಗಿಡಗಳು ಸರಿಯಾಗಿ ಬರುವವರೆಗೆ ಹುಲ್ಲಿನ ಜಾತಿಯದನ್ನಷ್ಟೇ ಬೆಳೆಯಿರಿ. ಪ್ರಮಾಣೀಕರಣ ಸಂಸ್ಥೆಗೆ ನೀವೇ ಮೊದಲು ತಿಳಿಸಿ. ಅವರು ಆ ಮಡಿಯನ್ನು ಕೆಲಕಾಲ ಹೊರಗಿಡಬಹುದು. ಮುಚ್ಚಿಟ್ಟದ್ದು ಮುಂದೆ ಮಾಲಿನ ಪರೀಕ್ಷೆಯಲ್ಲಿ ಸಿಕ್ಕಿದರೆ ಇಡೀ ತೋಟದ ಪ್ರಮಾಣಪತ್ರವೇ ಪ್ರಶ್ನೆಗೊಳಗಾಗುತ್ತದೆ.

ಗೊಬ್ಬರದ ಮಾತು ಬಂದುದರಿಂದ ಇನ್ನೊಂದು ಸಂಗತಿ. ಹಸಿ ಸಗಣಿಯನ್ನು ಸೊಪ್ಪಿನ ಮಡಿಗೆ ಹಾಕುವವರ ಪತ್ರಗಳೂ ಬಂದಿವೆ. ಅಮೆರಿಕದ ಸಾವಯವ ನಿಯಮಗಳು ಮಣ್ಣಿಗೆ ತಾಕುವ ಆಹಾರ ಬೆಳೆಗೆ ಹಸಿ ಗೊಬ್ಬರ ಹಾಕಿ 120 ದಿನಗಳಾಗುವವರೆಗೆ ಕೊಯ್ಲಿಗೆ ಅವಕಾಶ ಕೊಡುವುದಿಲ್ಲ. ಮಣ್ಣಿಗೆ ತಾಕದ ಬೆಳೆಗೆ ಅದು 90 ದಿನ. ಎರಡು ಮೂರು ತಿಂಗಳಿಗೊಮ್ಮೆ ಕೊಯ್ಯುವ ಪುದೀನಕ್ಕೆ ಇದು ಹೊಂದುವುದೇ ಇಲ್ಲವಾದ್ದರಿಂದ, 55 ಡಿಗ್ರಿಗಿಂತ ಹೆಚ್ಚು ಕಾವು ಏರಿ, ಮಗುಚಿ, ಪೂರ್ತಿ ಕಳಿತ ಗೊಬ್ಬರವನ್ನೇ ಬಳಸಿ. ಅದನ್ನೂ ಅತಿಯಾಗಿ ಹಾಕಿದರೆ ಎಲೆ ದೊಡ್ಡದಾಗಿ, ಮೃದುವಾಗಿ, ರೋಗಕ್ಕೆ ಸುಲಭದ ತುತ್ತಾಗುತ್ತದೆ. ಥೈಮ್, ರೋಸ್‌ಮೇರಿಗಳಲ್ಲಂತೂ ಪರಿಮಳವೂ ತೆಳುವಾಗುತ್ತದೆ.

ಪ್ರಶ್ನೆ: ಕಾಮಕಸ್ತೂರಿಯ ಎಲೆಗಳು ನರಗಳ ನಡುವೆ ಹಳದಿಯಾಗುತ್ತಿವೆ. ಪೋಷಕಾಂಶದ ಕೊರತೆಯೆಂದು ದ್ರವಗೊಬ್ಬರ ಕೊಟ್ಟರೂ ಗುಣವಿಲ್ಲ.

ಉತ್ತರ: ಬೆಳಗಿನ ಹೊತ್ತು ಎಲೆಯನ್ನು ತಿರುಗಿಸಿ ನೋಡಿ. ಅಡಿಭಾಗದಲ್ಲಿ ಬೂದು ಅಥವಾ ನೇರಳೆ ಬಣ್ಣದ ಧೂಳಿನಂತಹ ಪದರವಿದ್ದರೆ ಅದು ಬೂಜುರೋಗ, ಕೊರತೆಯಲ್ಲ. ಬಂದ ಮೇಲೆ ಗುಣಪಡಿಸುವ ಸಾವಯವ ಔಷಧವಿಲ್ಲ. ರೋಗವಿನ್ನೂ ತಾಕದ ಮಡಿಗಳನ್ನು ತಡಮಾಡದೆ ಕೊಯ್ದುಕೊಂಡು, ತಾಕಿದ ಗಿಡಗಳನ್ನು ಕಿತ್ತು ಹೊರಹಾಕಿ. ಮುಂದಿನ ಬೆಳೆಗೆ ರೋಗನಿರೋಧಕ ತಳಿ, ಅಗಲವಾದ ಅಂತರ ಮತ್ತು ಹನಿ ನೀರಾವರಿ ಇರಲಿ. ಸಂಜೆ ತುಂತುರು ನೀರು ಕೊಟ್ಟರೆ ಎಲೆ ರಾತ್ರಿಯಿಡೀ ಒದ್ದೆಯಾಗಿರುತ್ತದೆ, ಈ ರೋಗಕ್ಕೆ ಬೇಕಾದದ್ದೂ ಅದೇ. ಬೀಜದ ಮೂಲಕವೂ ಬರುವುದರಿಂದ ಈ ಮಡಿಯ ಬೀಜವನ್ನು ಉಳಿಸಿಕೊಳ್ಳಬೇಡಿ.

ಪ್ರಶ್ನೆ: ಹೊರದೇಶಕ್ಕೆ ಕಳುಹಿಸುವ ಖರೀದಿದಾರರು ನಮ್ಮ ಒಣ ಮೂಲಿಕೆಗೆ ‘ಪೈರೊಲಿಜಿಡಿನ್ ಆಲ್ಕಲಾಯ್ಡ್’ ಪರೀಕ್ಷೆಯ ವರದಿ ಕೇಳುತ್ತಿದ್ದಾರೆ. ನಾವು ಯಾವ ವಿಷವನ್ನೂ ಬಳಸಿಲ್ಲ. ಈ ಪರೀಕ್ಷೆ ಏಕೆ?

ಉತ್ತರ: ಈ ವಿಷವನ್ನು ನೀವು ಬಳಸಬೇಕಾಗಿಲ್ಲ, ಕಳೆಗಳೇ ತಯಾರಿಸುತ್ತವೆ. ಯಕೃತ್ತಿಗೆ ಹಾನಿ ಮಾಡುವ ಈ ಆಲ್ಕಲಾಯ್ಡ್‌ಗಳು ಸೆನೇಸಿಯೊ, ಹೀಲಿಯೋಟ್ರೋಪ್, ಅಜೆರೇಟಮ್ ಮುಂತಾದ ಕಳೆಗಳಲ್ಲಿವೆ. ಕೊಯ್ಲಿನಲ್ಲಿ ಇಂಥ ಕೆಲವೇ ಗಿಡಗಳು ಸೇರಿದರೂ ಒಂದು ಚೀಲ ಮಾಲು ತಿರಸ್ಕೃತವಾಗಬಹುದು. ಐರೋಪ್ಯ ಒಕ್ಕೂಟವು 2022ರ ಜುಲೈ 1ರಿಂದ ಹೆಚ್ಚಿನ ಒಣ ಮೂಲಿಕೆಗಳಿಗೆ ಕಿಲೋಗೆ 400 ಮೈಕ್ರೋಗ್ರಾಂ, ಒರೆಗಾನೊ, ಮಾರ್ಜೋರಂನಂತಹ ಕೆಲವಕ್ಕೆ 1000 ಮೈಕ್ರೋಗ್ರಾಂ ಮಿತಿಯನ್ನು ಜಾರಿಗೊಳಿಸಿದೆ. ನಿಮ್ಮ ಖರೀದಿದಾರರು ಕೇಳುತ್ತಿರುವುದು ಈ ಕಾರಣದಿಂದಲೇ ಇರಬೇಕು.

ಸಾವಯವ ಕೃಷಿಕರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕಾದ ಎರಡು ಅಂಶಗಳಿವೆ. ಹಸಿರೆಲೆ ಗೊಬ್ಬರವೆಂದು ಬಿತ್ತುವ ಸೆಣಬು ಕ್ರೊಟಲೇರಿಯ ಕುಲಕ್ಕೆ ಸೇರಿದ್ದು, ಆ ಕುಲದಲ್ಲಿ ಈ ಆಲ್ಕಲಾಯ್ಡ್‌ಗಳಿವೆ. ಮೂಲಿಕೆ ಮಡಿಗಳಲ್ಲಿ ಅದರ ಬದಲು ಬೇರೆ ದ್ವಿದಳ ಬೆಳೆ ಬಳಸುವುದು ಒಳಿತು. ಅದೇ ರೀತಿ, ಎಲೆಗಳನ್ನು ಕೊಳೆಸಿ ದ್ರವಗೊಬ್ಬರ ಮಾಡಲು ಹಲವರು ಬೆಳೆಸುವ ಕಾಂಫ್ರೆ ಗಿಡದಲ್ಲಿಯೂ ಇವು ಇವೆ. ಇಂಥ ಕಳೆಗಳನ್ನು ಕಿತ್ತು ಸಾಲಿನಲ್ಲೇ ಹೊದಿಕೆಯಾಗಿ ಬಿಡಬಾರದು. ಕೊಳೆಯುವ ಕಳೆಯಿಂದ ಮಣ್ಣಿಗಿಳಿದ ಆಲ್ಕಲಾಯ್ಡನ್ನು ಪಕ್ಕದ ಗಿಡದ ಬೇರು ಹೀರಿಕೊಳ್ಳಬಲ್ಲದೆಂದು ಪ್ರಯೋಗಗಳು ತೋರಿಸಿವೆ. ಕೊಯ್ಲಿನ ಮುನ್ನಾದಿನ ಒಬ್ಬರು ಕಳೆಗಳನ್ನಷ್ಟೇ ಹುಡುಕುತ್ತ ಪ್ರತಿ ಸಾಲಿನಲ್ಲೂ ನಡೆದುಹೋಗಲಿ. ಒಣಗಿದ ಮೇಲೆ ಆರಿಸುವುದು ಅಸಾಧ್ಯಕ್ಕೆ ಸಮೀಪದ ಕೆಲಸ.

ಪ್ರಶ್ನೆ: ತೋಟದ ಎಲೆ ಬಿಡಿಸುವುದು, ಪೊಟ್ಟಣ ಕಟ್ಟುವುದು, ದಾಖಲೆ ಬರೆಯುವುದು ಎಲ್ಲ ನನ್ನ ಮತ್ತು ನನ್ನ ತಾಯಿಯವರ ಪಾಲಿಗಿದೆ. ವರ್ಷದ ಕೊನೆಗೆ ತೋಟ ಲಾಭದಲ್ಲಿದೆ ಎಂದು ಅಣ್ಣ ಹೇಳುತ್ತಾರೆ. ನಮ್ಮ ಕೆಲಸಕ್ಕೆ ಕೂಲಿ ಲೆಕ್ಕ ಹಾಕಬೇಕೆಂದರೆ, ಮನೆಯವರಿಗೇ ಎಂಥ ಕೂಲಿ ಎನ್ನುತ್ತಾರೆ.

ಉತ್ತರ: ಹಣ ಕೈಯಿಂದ ಕೈಗೆ ಹೋಗುವುದು ಬೇರೆ ವಿಷಯ, ಲೆಕ್ಕದ ಪುಸ್ತಕದಲ್ಲಿ ಬರೆಯುವುದು ಬೇರೆ ವಿಷಯ. ಮೊದಲನೆಯದನ್ನು ಮನೆಯವರು ಕುಳಿತು ತೀರ್ಮಾನಿಸಬಹುದು, ಎರಡನೆಯದನ್ನು ಬಿಡಲಾಗದು. ಒಣ ಮೂಲಿಕೆಯ ವೆಚ್ಚದಲ್ಲಿ ದೊಡ್ಡ ಪಾಲು ಕೊಯ್ಲಿನ ನಂತರದ ಕೈಕೆಲಸದ್ದು. ಆ ಗಂಟೆಗಳಿಗೆ ಬೆಲೆ ಕಟ್ಟದೆ ತೆಗೆದ ಲಾಭ, ನಿಮ್ಮಿಬ್ಬರ ಬಿಟ್ಟಿ ದುಡಿಮೆಯ ಇನ್ನೊಂದು ಹೆಸರಷ್ಟೇ. ಅಣ್ಣನವರ ವಾದದಲ್ಲಿ ಪ್ರೀತಿಯ ಕೊರತೆಯಿದೆ ಎಂದು ನಾನು ಹೇಳುವುದಿಲ್ಲ, ಲೆಕ್ಕದ ಕೊರತೆಯಂತೂ ಇದೆ. ನಾಳೆ ನಿಮ್ಮ ತಾಯಿಯವರಿಗೆ ವಿಶ್ರಾಂತಿ ಬೇಕಾದರೆ, ಅಥವಾ ನೀವು ಬೇರೆಡೆ ಹೋದರೆ, ಅದೇ ಕೆಲಸಕ್ಕೆ ಹೊರಗಿನವರನ್ನು ಕರೆದ ದಿನ ಲಾಭವೆನಿಸಿದ್ದು ನಷ್ಟವಾಗಿ ಕಾಣಿಸುತ್ತದೆ, ಮತ್ತು ಅಷ್ಟರಲ್ಲಿ ಖರೀದಿದಾರರಿಗೆ ತೀರಾ ಕಡಿಮೆ ಬೆಲೆ ಒಪ್ಪಿಯಾಗಿರುತ್ತದೆ.

ಒಂದು ಕೊಯ್ಲಿನ ಅವಧಿಯಲ್ಲಿ ಪ್ರತಿ ಮೂಲಿಕೆಗೂ ಬೇರೆ ಹಾಳೆ ಇಟ್ಟು, ಕೊಯ್ಯಲು, ಹರಡಲು, ಬಿಡಿಸಲು, ಆರಿಸಲು, ಕಟ್ಟಲು ಯಾರು ಎಷ್ಟು ಗಂಟೆ ಕೆಲಸ ಮಾಡಿದರು ಎಂಬುದನ್ನು ಎಲ್ಲರದ್ದೂ, ಅಣ್ಣನವರದ್ದೂ ಸೇರಿಸಿ, ಬರೆಯಿರಿ. ಹೊರಗಿನವರಿಗೆ ಕೊಡುವ ಕೂಲಿಯ ದರದಲ್ಲೇ ಗುಣಿಸಿ, ಸಿದ್ಧವಾದ ಒಣ ಮಾಲಿನ ಕಿಲೋಗಳಿಂದ ಭಾಗಿಸಿ. ಥೈಮ್‌ನಂತಹ ಚಿಕ್ಕ ಎಲೆಯ ಗಿಡಕ್ಕೂ ನಿಂಬೆಹುಲ್ಲಿಗೂ ಕಿಲೋಗೆ ತಗಲುವ ಗಂಟೆಗಳಲ್ಲಿ ಎಷ್ಟು ವ್ಯತ್ಯಾಸವಿದೆ ಎಂಬುದು ಆಗ ಎಲ್ಲರ ಕಣ್ಣಿಗೂ ಬೀಳುತ್ತದೆ, ಮತ್ತು ಚರ್ಚೆ ಯಾರಿಗೆ ಎಷ್ಟು ಎನ್ನುವುದರಿಂದ ಯಾವ ಬೆಳೆಯನ್ನು ಕೈಬಿಡಬೇಕು ಎನ್ನುವುದರ ಕಡೆಗೆ ತಿರುಗುತ್ತದೆ. ಪ್ರಮಾಣೀಕರಣದ ದಾಖಲೆಗಳನ್ನು ಬರೆಯುತ್ತಿರುವವರು ನೀವೇ ಆದ್ದರಿಂದ ಸಂಸ್ಥೆಯ ಕಾಗದಪತ್ರಗಳಲ್ಲಿ, ಬ್ಯಾಂಕ್ ಖಾತೆಯಲ್ಲಿ, ಖರೀದಿದಾರರೊಡನೆ ಮಾಡಿಕೊಳ್ಳುವ ಕರಾರಿನಲ್ಲಿ ನಿಮ್ಮ ಹೆಸರೂ ಇರಬೇಕೆಂದು ಕೇಳಿ. ಜಮೀನಿನ ಹಕ್ಕು ಮುಂದೆ ಯಾರಿಗೆ ಎಂಬ ಪ್ರಶ್ನೆ ಇದರೊಂದಿಗೆ ಬೆರೆಯುವುದು ಬೇಡ. ಅದಕ್ಕೆ ಬೇರೆ ದಿನ ಗೊತ್ತುಮಾಡಿ, ಕಾನೂನು ತಿಳಿದವರನ್ನು ಕೂರಿಸಿಕೊಂಡು, ತೀರ್ಮಾನವನ್ನು ಬರವಣಿಗೆಯಲ್ಲಿ ಇಡಿ.

ಪ್ರಶ್ನೆ: ನಮ್ಮ ಪೊಟ್ಟಣಗಳ ಮೇಲೆ ಕೆಮ್ಮು, ನಿದ್ರಾಹೀನತೆ ಗುಣವಾಗುತ್ತದೆ ಎಂದು ಮುದ್ರಿಸಬಹುದೇ?

ಉತ್ತರ: ಮುದ್ರಿಸಬೇಡಿ. ರೋಗ ಗುಣಪಡಿಸುವ ಮಾತು ಬಂದ ಕೂಡಲೇ ಹೆಚ್ಚಿನ ದೇಶಗಳಲ್ಲಿ ನಿಮ್ಮ ಮಾಲು ಆಹಾರದ ನಿಯಮಗಳಿಂದ ಔಷಧದ ನಿಯಮಗಳಿಗೆ ಜಾರುತ್ತದೆ, ಮತ್ತು ಸಾವಯವ ಪ್ರಮಾಣಪತ್ರ ಅಲ್ಲಿ ರಕ್ಷಣೆ ಕೊಡುವುದಿಲ್ಲ. ಔಷಧ ತಯಾರಕರಿಗೇ ಕಚ್ಚಾ ಮಾಲು ಒದಗಿಸುವ ಉದ್ದೇಶವಿದ್ದರೆ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಪ್ರಕಟಿಸಿದ, ಔಷಧೀಯ ಸಸ್ಯಗಳ ಕೃಷಿ ಮತ್ತು ಸಂಗ್ರಹದ ಉತ್ತಮ ಪದ್ಧತಿಗಳ ಮಾರ್ಗಸೂಚಿಯನ್ನು ಓದಿಕೊಳ್ಳಿ. ಪೊಟ್ಟಣದ ಮೇಲೆ ಸಸ್ಯದ ಶಾಸ್ತ್ರೀಯ ಹೆಸರು, ಬಳಸಿದ ಭಾಗ, ಕೊಯ್ಲಿನ ತಿಂಗಳು ಮತ್ತು ವರ್ಷ, ತಂಡದ ಸಂಖ್ಯೆ (ಬ್ಯಾಚ್ ನಂಬರ್) ಹಾಗೂ ಪ್ರಮಾಣೀಕರಣದ ಗುರುತು ಇರಲಿ. ತಂಡದ ಸಂಖ್ಯೆಯನ್ನು ಮಡಿಯಿಂದಲೇ ಆರಂಭಿಸಿ: ಯಾವ ಮಡಿ, ಯಾವ ದಿನದ ಕೊಯ್ಲು, ಯಾವ ತಟ್ಟೆಗಳ ಸಾಲು ಎಂಬುದು ಆ ಸಂಖ್ಯೆಯಿಂದಲೇ ತಿಳಿಯುವಂತಿದ್ದರೆ, ದೂರು ಬಂದ ದಿನ ಇಡೀ ದಾಸ್ತಾನಿನ ಬದಲು ಆ ಒಂದು ತಂಡವನ್ನಷ್ಟೇ ಹಿಂತೆಗೆದುಕೊಂಡರೆ ಸಾಕಾಗುತ್ತದೆ.